ಕ್ಯಾಮೆರಾದ ಇರುಳುಗುರುಡು

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಮನುಷ್ಯ, ತಾನು ಗಾಜು ಉಜ್ಜುವವನು ಎಂದು ಒಪ್ಪಿಕೊಂಡು ತೆಪ್ಪಗಿದ್ದರೆ ಯಾರಿಗೂ ತೊಂದರೆಯಿಲ್ಲ. ನಮ್ಮ ಪವರ್ ಪಂಡಿತ ತೆಪ್ಪಗಿರುವ ಆಸಾಮಿಯಲ್ಲ. ದಾರಿಯಲ್ಲಿ ಎದುರಾದವರ ಮುಖ ದಿಟ್ಟಿಸಿ, "ಎಡಗಣ್ಣು ಮೈನಸ್ ಒಂದೂವರೆ, ಬಲಗಣ್ಣು ಒಂದೂಕಾಲು. ಉದಾಸೀನ ಮಾಡಬೇಡಿ" ಎಂದು ಕೇಳದೆಯೇ ಹೇಳಿ ಹೋಗುತ್ತಿದ್ದ. ಬೀದಿಯವರು ಈ ಹೆಸರಿಟ್ಟಿದ್ದು ಅದಕ್ಕೇ. ಅವನು ಅದನ್ನು ಬಿರುದು ಎಂದುಕೊಂಡಿದ್ದ. ಒಮ್ಮೆ ಸಾವಿನ ಮನೆಗೆ ಹೋದವನು ಹೆಣದ ಕನ್ನಡಕ ಒಂದು ಕಡೆ ವಾಲಿದೆ ಎಂದು ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಅಳುವವರನ್ನು ಸ್ವಲ್ಪ ಸರಿಯಲು ಹೇಳಿ, ಬಿಗಿ ಮಾಡಿಯೇ ಎದ್ದ.

ಮನೆಯಲ್ಲಿ ಅವನು, ಹೆಂಡತಿ, ಅಕ್ಕ, ಅಕ್ಕನ ನಾಯಿ. ಅಕ್ಕ ಎಂದರೆ ಬರೀ ಅಕ್ಕನಲ್ಲ. ತಾಯಿ ತೀರಿಕೊಂಡ ಮೇಲೆ ಇವನ ಮೂಗು ಒರೆಸಿ ಮನುಷ್ಯನನ್ನಾಗಿ ಮಾಡಿದವಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡಳು. ಮಕ್ಕಳಾಗಲಿಲ್ಲ, ಗಂಡ ಉಳಿಯಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ದಿನ ಬಾಗಿಲಲ್ಲಿ ಮುದುರಿಕೊಂಡಿದ್ದ ಒಂದು ಮರಿಯನ್ನು ಎತ್ತಿಕೊಂಡು ಒಳಗೆ ಹೋದವಳು ಆಮೇಲೆ ಅದನ್ನು ಕೆಳಗಿಳಿಸಲೇ ಇಲ್ಲ ಎನ್ನಬೇಕು. ಚೂಟಿ ಎಂದು ಹೆಸರಿಟ್ಟಳು. ಆ ಚೂಟಿಗೆ ಈಗ ವಯಸ್ಸಾಗಿ, ಹಲ್ಲು ಉದುರಿ, ಹಿಂಗಾಲು ಎಳೆದುಕೊಂಡು ನಡೆಯುವ ಕಾಲ. ನೆನೆಸಿದ ಬ್ರೆಡ್ಡು ತಿನ್ನಲೂ ಅರ್ಧ ಬೆಳಗು ಬೇಕು.

ಹಿತ್ತಲ ಗೋಡೆಯಾಚೆ ನಿವೃತ್ತ ಜೈಲರ್ ಸಾಹೇಬರ ಮನೆ. ಕೈದಿಗಳಿಲ್ಲದೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ, ಅದಕ್ಕೆ ಕೋಳಿ ಸಾಕಿದ್ದರು. ಕೋಳಿಗಳಿಗೆ ಹೆಸರಿಲ್ಲ, ನಂಬರು. ಬೆಳಗ್ಗೆ ಒಂದು ಹಾಜರಿ, ಸಂಜೆ ಒಂದು ಹಾಜರಿ. ಒಂದು ಬೆಳಗ್ಗೆ ನಾನೂರ ಹನ್ನೆರಡು ಹಾಜರಿಗೆ ಬರಲಿಲ್ಲ. ಗೋಡೆಯ ಇಟ್ಟಿಗೆ ಕುಸಿದಿದ್ದ ಮೂಲೆಯಲ್ಲಿ ಪುಕ್ಕ ಬಿದ್ದಿತ್ತು. ಸ್ವಲ್ಪ ದಿನಕ್ಕೆ ನಾನೂರ ಏಳೂ ಹೋಯಿತು. ಜೈಲರ್ ಸಾಹೇಬರು ಪುಕ್ಕಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಪಂಡಿತನ ಬಾಗಿಲಿಗೆ ಬಂದರು.

"ನಿಮ್ಮ ನಾಯಿ" ಎಂದರು.

"ಸಾಹೇಬ್ರೇ, ಅದಕ್ಕೆ ಬ್ರೆಡ್ಡೇ ಅಗಿಯೋಕಾಗಲ್ಲ!"

"ನನ್ನ ಸರ್ವೀಸಲ್ಲಿ ನೋಡಿರೋ ದೊಡ್ಡ ದೊಡ್ಡ ಕೊಲೆಗಾರರೆಲ್ಲ ಹಾಗೇ ಇದ್ರು ಕಣ್ರೀ. ಮುದುಕರು, ಮೆತ್ತಗಿನೋರು, ಊಟ ಸೇರ್ತಿಲ್ಲ ಅನ್ನೋರು. ಅದನ್ನ ಕಟ್ಟಿ ಹಾಕಿ."

ಕಟ್ಟಿ ಹಾಕಿದರು. ಚೂಟಿ ರಾತ್ರಿಯಿಡೀ ಊಳಿಟ್ಟಿತು. ಬೆಳಗಾಗುತ್ತಲೇ ಕಣ್ಣು ಕೆಂಪು ಮಾಡಿಕೊಂಡು ಜೈಲರ್ ಸಾಹೇಬರೇ ಬಂದು, "ಬಿಚ್ರೀ ಅದನ್ನ! ಇದಕ್ಕಿಂತ ಕೋಳಿ ಹೋಗೋದೇ ವಾಸಿ" ಎಂದರು. ಬಿಚ್ಚಿದರು. ಆ ರಾತ್ರಿ ನಾನೂರ ಇಪ್ಪತ್ತು ಹೋಯಿತು. ಆಗ ಅವರು ಪುರಸಭೆಗೆ ದೂರು ಕೊಟ್ಟರು.

ದೂರಿನ ಮೇಲೆ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಪುರಸಭೆಯ ಕಾನೂನು ಸಣ್ಣದು: ಸಾಕಿದ ಜೀವ ಕೊಲ್ಲುವ ನಾಯಿ ಎಂದು ಸಾಬೀತಾದರೆ ಗಾಡಿ ಬರುತ್ತದೆ, ಗಾಡಿ ಹತ್ತಿದ ನಾಯಿಗೆ ಸಾವಿನ ಸೂಜಿ ಹಾಕುತ್ತಾರೆ. ಇನ್ಸ್‌ಪೆಕ್ಟರು ಅಕ್ಕನ ಕಾಲ ಬಳಿ ಮಲಗಿದ್ದ ನಾಯಿಯನ್ನು ನೋಡಿದರು. ನಾಯಿ ಅವರ ಬೂಟನ್ನು ಒಮ್ಮೆ ನೆಕ್ಕಿ ಮತ್ತೆ ಮಲಗಿತು.

"ಕಣ್ಣಾರೆ ಕಂಡವರು ಯಾರಾದ್ರೂ ಇದ್ದಾರಾ?"

"ಪುಕ್ಕ ಇದೆ" ಎಂದರು ಜೈಲರ್ ಸಾಹೇಬರು.

"ಪುಕ್ಕ ಕೋಳೀದು. ನಾಯೀದಲ್ಲ. ಕಂಡವರಿಲ್ಲ, ಹಾಗಾಗಿ ಕೇಸಿಲ್ಲ. ನಾನು ಬರ್ಲಾ?"

ಅವರು ಎದ್ದೂ ಆಗಿತ್ತು. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಬಾಯಿಬಡುಕನ ಮನೆಯಲ್ಲಿ ಯಾವುದೂ ಅಲ್ಲಿಗೇ ಮುಗಿಯುವುದಿಲ್ಲ.

"ನಿಲ್ಲಿ ಸಾರ್!" ಎಂದ ಪಂಡಿತ. "ಕೇಸಿಲ್ಲ ಅಂದ್ರೆ ಸಾಲದು. ನಮ್ಮ ಚೂಟಿ ನಿರಪರಾಧಿ ಅಂತ ನಾನು ಸಾಬೀತು ಮಾಡ್ತೀನಿ. ಕ್ಯಾಮೆರಾ ಹಾಕ್ತೀನಿ. ಗಾಜಿನ ವಿಷಯ ನನಗೆ ಬಿಡಿ."

ಅಕ್ಕ ನಾಯಿಯ ತಲೆ ಸವರುತ್ತಿದ್ದ ಕೈಯನ್ನು ನಿಲ್ಲಿಸಿ, "ಅವರು ಹೋಗ್ತೀನಿ ಅಂತಿದಾರಲ್ಲೋ" ಎಂದಳು.

"ನೀನು ಸುಮ್ನಿರು ಅಕ್ಕ. ಕಳಂಕ ಹೊತ್ಕೊಂಡು ಬದುಕಬೇಕಾ ಅದು?" ಎಂದ ಪಂಡಿತ, ಅಷ್ಟಕ್ಕೇ ನಿಲ್ಲದೆ ಇನ್ಸ್‌ಪೆಕ್ಟರ ಮೂಗಿನ ಮೇಲಿದ್ದ ಕನ್ನಡಕ ಕಿತ್ತು, ಅದರ ಧೂಳು ಒರೆಸಲು ಶುರುಮಾಡಿದ. "ಇಷ್ಟು ಕೊಳೆ ಇಟ್ಕೊಂಡು ಹೇಗೆ ಸಾರ್ ಕೆಲಸ ಮಾಡ್ತೀರಾ?"

"ನನ್ನ ಕೆಲಸದಲ್ಲಿ ಸ್ವಲ್ಪ ಮಂಜುಮಂಜಾಗಿ ಕಂಡ್ರೇ ಒಳ್ಳೇದು ಸ್ವಾಮಿ" ಎಂದರು ಇನ್ಸ್‌ಪೆಕ್ಟರು. ಈ ಮಾತಿನಲ್ಲಿ ಎಷ್ಟು ವಿವೇಕವಿತ್ತು ಎಂಬುದು ಕೇಳಿಸಿಕೊಳ್ಳುವವನಿಗೆ ಕಿವಿಯಿದ್ದರೆ ತಿಳಿಯುತ್ತಿತ್ತು. ಪಂಡಿತನ ಗಮನವೆಲ್ಲ ಗಾಜಿನ ಮೇಲಿತ್ತು.

ಅಂಗಡಿಯಲ್ಲಿ ದುರ್ಬೀನುಗಳ ಜೊತೆಗೆ ಕಾಡುಕ್ಯಾಮೆರಾ ಒಂದು ಬಹಳ ದಿನದಿಂದ ಮೂಲೆಯಲ್ಲಿತ್ತು. ಪ್ರಾಣಿಗಳು ಓಡಾಡುವ ದಾರಿಯಲ್ಲಿ ಮರಕ್ಕೆ ಕಟ್ಟಿಬಿಡುವ ಡಬ್ಬಿ ಅದು. ಎದುರಿಗೆ ಬಿಸಿರಕ್ತದ್ದು ಏನಾದರೂ ಕದಲಿದರೆ ತಾನೇ ಚಿತ್ರ ಹೊಡೆಯುತ್ತದೆ. ಕತ್ತಲಾದರೆ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಮಾಲೀಕನನ್ನು ಕಾಡಿ ಬೇಡಿ ಅದನ್ನು ತಂದ ಪಂಡಿತ, ಗೋಡೆಯ ಮೂಲೆಯ ಗೂಟಕ್ಕೆ ಎದೆಯೆತ್ತರದಲ್ಲಿ ಕಟ್ಟಿದ.

ಮೊದಲ ಬೆಳಗ್ಗೆ ಜೈಲರ್ ಸಾಹೇಬರ ಟಿವಿಗೆ ಕಾರ್ಡು ಸಿಕ್ಕಿಸಿದರು. ಇನ್ಸ್‌ಪೆಕ್ಟರನ್ನೂ ಕರೆಸಿದ್ದರು. ಚಿತ್ರಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು.

"ನಾಯಿ" ಎಂದರು ಜೈಲರ್ ಸಾಹೇಬರು.

"ಎಲ್ಲಿ?"

"ಬೆಳ್ಳಗಿದೆಯಲ್ಲ, ಅದರ ಹಿಂದೆ."

ಪಂಡಿತನಿಗೆ ಕಾರಣ ಹೊಳೆಯಿತು. ಗೋಡೆ ತೀರಾ ಹತ್ತಿರ. ಕ್ಯಾಮೆರಾ ಬಿಟ್ಟ ಬೆಳಕು ಗೋಡೆಗೆ ಬಡಿದು ವಾಪಸ್ಸು ಅದರ ಕಣ್ಣಿಗೇ ಚುಚ್ಚಿದೆ. ಮೂತಿಯನ್ನು ಆಚೆ ತಿರುಗಿಸಿದ. ಸತ್ಯ ಹೇಳಬೇಕೆಂದರೆ ಅದು ಸರಿಯಾದ ರಿಪೇರಿಯೇ. ಮಾರನೇ ಬೆಳಗ್ಗೆ ಬಿಳುಪು ಹೋಗಿತ್ತು. ಅದರ ಬದಲು ಮಬ್ಬು ಬಂದಿತ್ತು. ಕೋಳಿಗೂಡು ಮಬ್ಬು, ಗೋಡೆ ಮಬ್ಬು, ನಡುವೆ ಯಾವುದೋ ಒಂದು ಬೂದು ಮುದ್ದೆ. ಜೈಲರ್ ಸಾಹೇಬರ ಕಣ್ಣಿಗೆ ಅದು ನಾಯಿ. ಪಂಡಿತನ ಹೆಂಡತಿಯ ಕಣ್ಣಿಗೆ ಬೆಕ್ಕು. ಮಹಡಿ ಮನೆಯ ಟೈಲರನ ಕಣ್ಣಿಗೆ ಅವನ ಬಟ್ಟೆ ಕದ್ದು ಓಡಿಹೋಗಿದ್ದ ಹಳೇ ಪಾಲುದಾರ.

ಇನ್ಸ್‌ಪೆಕ್ಟರು ಕಾಗದದ ಮೇಲೆ "ಪ್ರಾಣಿ: ಗುರುತು ಹತ್ತಲಿಲ್ಲ" ಎಂದು ಬರೆದು, "ಸಾಕು ಬಿಡಿ ಸ್ವಾಮಿ, ನನಗೇನೂ ಅವಸರ ಇಲ್ಲ. ಹೀಗೇ ಇರ್ಲಿ" ಎಂದರು.

ಹೀಗೇ ಇರಲಿ! ಹುಟ್ಟಿದಾಗಿನಿಂದ ಗಾಜು ಒರೆಸಿದವನಿಗೆ, ಮಬ್ಬು ಹೀಗೇ ಇರಲಿ ಎಂದರೆ! ಪಂಡಿತನಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು. ಅವತ್ತು ಅಂಗಡಿಗೆ ರಜೆ ಹಾಕಿದ.

ಕಣ್ಣಿನ ಪರೀಕ್ಷೆಗೆ ಗೋಡೆಯ ಮೇಲೆ ತೂಗುಹಾಕುವ ಅಕ್ಷರದ ಹಾಳೆಯನ್ನು ಅಂಗಡಿಯಿಂದ ತಂದು ಕೋಳಿಗೂಡಿಗೆ ಅಂಟಿಸಿದ. ಕ್ಯಾಮೆರಾದ ಮುಂದೆ ಕೈ ಆಡಿಸಿ ಚಿತ್ರ ಹೊಡೆಸಿದ. ಹಗಲಿನಲ್ಲಿ ಕ್ಯಾಮೆರಾ ಕೊನೇ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿತು. ರಾತ್ರಿ ಮೊದಲ ಸಾಲೇ ಕಾಣಲಿಲ್ಲ.

"ಗೊತ್ತಾಯ್ತು" ಎಂದು ಹೆಂಡತಿಯ ಮುಂದೆ ಘೋಷಿಸಿದ. "ಇದಕ್ಕೆ ಇರುಳುಗುರುಡು."

"ಕ್ಯಾರೆಟ್ ತಿನ್ನಿಸ್ತೀರಾ?"

"ತಮಾಷೆ ಅಲ್ಲ ಕಣೇ. ಕನ್ನಡಕ ಹಾಕ್ತೀನಿ."

ಹಾಕಿಯೇಬಿಟ್ಟ. ಮೈನಸ್ ಒಂದೂವರೆಯ ಗಾಜನ್ನು ದುಂಡಗೆ ಉಜ್ಜಿ, ಅಂಚು ನಯಮಾಡಿ, ಕ್ಯಾಮೆರಾದ ಮುಖಕ್ಕೆ ಟೇಪಿನಿಂದ ಅಂಟಿಸಿದ. ಬೀದಿಯ ಜನ ಬಂದು ನೋಡಿ ಹೋದರು. ಗೂಡಿನ ಮೇಲೆ ಅಕ್ಷರದ ಹಾಳೆ, ಗೂಟದ ಮೇಲೆ ಕನ್ನಡಕ ಹಾಕಿದ ಡಬ್ಬಿ. ಜೈಲರ್ ಸಾಹೇಬರು, "ಏನ್ರೀ ಪಂಡಿತ್ರೇ, ನಮ್ಮ ಕೋಳಿಗಳಿಗೆ ಸ್ಕೂಲು ತೆಗೆದಿರಾ?" ಎಂದು ಕೂಗಾಡಿದರು. ರಾತ್ರಿ ಕ್ಯಾಮೆರಾದ ಬೆಳಕು ಈ ಹೊಸ ಗಾಜಿಗೇ ಬಡಿದು, ಬೆಳಗ್ಗೆ ಎಲ್ಲ ಚಿತ್ರದಲ್ಲೂ ನಟ್ಟನಡುವೆ ಒಂದು ಉರಿಯುವ ಬಿಳಿ ಚೆಂಡು. ಅದೇ ರಾತ್ರಿ ನಾನೂರ ಮೂರು ಕಾಣೆ.

"ಪ್ರಾಣಿ: ಚೆಂಡು" ಎಂದು ಬರೆದುಕೊಳ್ಳುತ್ತ ಇನ್ಸ್‌ಪೆಕ್ಟರು ಈ ಸಲ ಪಂಡಿತನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟರು. "ನೋಡಿ, ನಮ್ಮ ಮನೇಲೂ ಒಂದು ಮುದಿ ನಾಯಿ ಇತ್ತು. ಚಿತ್ರ ಸ್ಪಷ್ಟ ಬರೋವರೆಗೆ ನಾನೇನೂ ಮಾಡೋ ಹಾಗಿಲ್ಲ. ಅರ್ಥ ಆಯ್ತಾ? ಸ್ಪಷ್ಟ ಬರೋವರೆಗೆ."

"ಅರ್ಥ ಆಯ್ತು ಸಾರ್" ಎಂದ ಪಂಡಿತ. "ಸ್ಪಷ್ಟ ತರಿಸದೆ ಬಿಟ್ರೆ ಕೇಳಿ."

ಇನ್ಸ್‌ಪೆಕ್ಟರು ಆಕಾಶ ನೋಡಿದರು.

ಪಂಡಿತ ಕ್ಯಾಮೆರಾದ ಕನ್ನಡಕ ಕಿತ್ತುಹಾಕಿದ, ಮತ್ತೆ ಮಬ್ಬು ಬಂತು. ಆಮೇಲೆ ಒಂದು ದಿನ ಅಕ್ಕ ಜ್ವರ ಬಂದು ಬೆಳಗ್ಗೆ ಏಳಲಿಲ್ಲ. ಪಂಡಿತ ಕಾರ್ಡು ತೆಗೆಯಲು ಹೋದವನು ಕ್ಯಾಮೆರಾದ ಗಾಜನ್ನು ಮುಟ್ಟಿ ನೋಡಿದ. ಜಿಡ್ಡು! ದಪ್ಪಗೆ, ಬೆರಳಿನ ಗೆರೆಗಳ ಸಮೇತ, ಗಾಜಿನ ತುಂಬ ಸವರಿದ ಜಿಡ್ಡು. ಮೂಸಿ ನೋಡಿದ. ಮಂಡಿನೋವಿನ ಮುಲಾಮಿನ ವಾಸನೆ.

ಓದುತ್ತಿರುವ ನಿಮಗೆ ತಿಳಿದುಹೋಯಿತು. ದಿನಾ ಸಂಜೆ ಅಕ್ಕ ಮುಲಾಮು ಹಚ್ಚಿದ ಕೈಯಲ್ಲೇ ಹೋಗಿ ಆ ಗಾಜನ್ನು ಸವರಿ ಬರುತ್ತಿದ್ದಳು. ಬೆಳಕು ಹರಿಯುವ ಮೊದಲೇ, ಆ ಮಂಡಿ ಹೊತ್ತುಕೊಂಡು, ಬಟ್ಟೆಯಿಂದ ಒರೆಸಿ ಬರುತ್ತಿದ್ದಳು. ತನ್ನ ನಾಯಿ ಏನು ಮಾಡುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಹಾಸಿಗೆಯ ಕೆಳಗಿಂದ ಪುಕ್ಕ ಗುಡಿಸಿ ತೆಗೆಯುತ್ತಿದ್ದವಳು ಅವಳೇ ತಾನೆ. ಎಳೇ ಮಗುವಿಗೂ ತಿಳಿಯುವ ಈ ವಿಷಯ ಪಂಡಿತನ ತಲೆಗೆ ಹೋಗಲಿಲ್ಲ. ಅವನು ಗೋಡೆಯ ಮೇಲಿದ್ದ ಒಂದು ಹಲ್ಲಿಯನ್ನು ನೋಡಿದ. ಹಲ್ಲಿಯೂ ಅವನನ್ನು ನೋಡಿತು.

"ಸಿಕ್ಕಿಬಿದ್ದೆ!" ಎಂದು ಕಿರುಚಿದ. "ಏ, ಬಾರೇ ಇಲ್ಲಿ! ಈ ಹಲ್ಲಿ ಒಳಗೆ ಅಕ್ಕನ ಮುಲಾಮಿನ ಡಬ್ಬಿ ಮೇಲೆ ಓಡಾಡಿ, ಇಲ್ಲಿ ಬಂದು ಕಾಲು ಒರೆಸ್ತಿದೆ!"

ಹೆಂಡತಿ ಗಂಡನ ಮುಖವನ್ನು ಬಹಳ ಹೊತ್ತು ನೋಡಿ, "ಹೌದು, ಹಲ್ಲೀನೇ. ಪಾಪ, ಏನೋ ಮಾಡ್ಕೊಳ್ಳಲಿ ಬಿಡ್ರೀ" ಎಂದಳು.

ಬಿಡುವುದೆಂದರೇನು? ಬಟ್ಟೆ ಒಣಹಾಕುವ ಕಬ್ಬಿಣದ ಕಂಬಕ್ಕೆ ಎಣ್ಣೆ ಬಳಿದ, ಹಲ್ಲಿ ಹತ್ತದ ಹಾಗೆ. ಅಂಗಡಿಯಿಂದ ಏಣಿ ತಂದ. ಕಂಬದ ತುದಿಗೆ ಕ್ಯಾಮೆರಾ ಕಟ್ಟಿ ಮೂತಿಯನ್ನು ಕೆಳಗೆ ಬಾಗಿಸಿದ. ಅಷ್ಟು ದೂರದಿಂದ ಬೆಳಕೂ ಹದವಾಗಿ ಬೀಳುತ್ತದೆ, ಹುಲ್ಲೂ ಅಡ್ಡ ಬರುವುದಿಲ್ಲ. ಜ್ವರದಲ್ಲೇ ಅಕ್ಕ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು.

"ಅಷ್ಟು ಎತ್ತರ ಯಾಕೋ?"

"ಏಣಿ ಇಲ್ದೆ ಯಾವ ಹುಳಕ್ಕೂ ಸಿಗಬಾರದು ಅಂತ."

"ಏಣಿ ಇಲ್ಲೇ ಇಟ್ಟಿರ್ತೀಯಾ?"

"ಇಲ್ಲ, ಸಂಜೆ ವಾಪಸ್ ಕೊಡಬೇಕು."

ಅಕ್ಕ ಏಣಿಯ ಕಾಲು ಹಿಡಿದು ನಿಂತಳು. "ಲೋ, ನಿನಗೆ ಒಂದು ಮಾತು ಹೇಳಬೇಕು ಕಣೋ. ಇಳಿದು ಬಾ."

"ಸ್ಕ್ರೂ ಬಾಯಲ್ಲಿದೆ ಅಕ್ಕ, ಆಮೇಲೆ!"

"ಅಷ್ಟು ಚೆನ್ನಾಗಿ ಕಂಡು ಏನಾಗಬೇಕೋ ನಮಗೆ?"

ಪಂಡಿತ ಬಾಯಿಂದ ಸ್ಕ್ರೂ ತೆಗೆದು ಕೆಳಗೆ ನೋಡಿದ. ಅವನಿಗೆ ನಿಜವಾಗಲೂ ನೋವಾಗಿತ್ತು. "ಯಾರಿಗೋಸ್ಕರ ಅಕ್ಕ ಇದೆಲ್ಲ? ನಿನ್ನ ಚೂಟಿಗೋಸ್ಕರ ತಾನೇ? ನಾಳೆ ಇಡೀ ಊರು ನಿನ್ನ ಹತ್ರ ಕ್ಷಮೆ ಕೇಳಬೇಕು, ಹಾಗೆ ಮಾಡ್ತೀನಿ." ಇಳಿದವನು ನಿಲ್ಲಲಿಲ್ಲ. ಇನ್ಸ್‌ಪೆಕ್ಟರು ಹೇಗೂ ಸೋಮಾರಿ ಎಂದು ತೀರ್ಮಾನಿಸಿ, ನೆಟ್ಟಗೆ ಪುರಸಭೆಗೆ ಹೋಗಿ ಅವರ ಮೇಲಿನ ದೊಡ್ಡ ಆಫೀಸರನ್ನೇ ಬೆಳಗಿನ ಪ್ರದರ್ಶನಕ್ಕೆ ಕರೆದುಬಂದ.

ಆ ರಾತ್ರಿ ಅಕ್ಕ ಚೂಟಿಯ ಕೊರಳಪಟ್ಟಿಗೆ ಬೆರಳು ಸಿಕ್ಕಿಸಿಕೊಂಡೇ ಕೂತಿದ್ದಳಂತೆ. ಜ್ವರದ ಮೈ, ನಿದ್ದೆ ಹತ್ತಿತು. ಬೆಳಗ್ಗೆ ಎದ್ದಾಗ ಕೈಯಲ್ಲಿ ಬರೀ ಪಟ್ಟಿ ಇತ್ತು. ಸೊರಗಿದ ಕತ್ತು ನುಣುಚಿಕೊಂಡಿತ್ತು. ನಾಯಿ ಮಾತ್ರ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿತ್ತು.

ಜೈಲರ್ ಸಾಹೇಬರ ಕೋಣೆ ತುಂಬಿಹೋಯಿತು. ಸೋಫಾದ ಮೇಲೆ ದೊಡ್ಡ ಆಫೀಸರು, ಪಕ್ಕದಲ್ಲಿ ಗುಮ್ಮನಂತೆ ಇನ್ಸ್‌ಪೆಕ್ಟರು, ಬಾಗಿಲಲ್ಲಿ ಟೈಲರ್, ಅವನ ಹಿಂದೆ ಪಂಡಿತನ ಹೆಂಡತಿ. ಅಕ್ಕನನ್ನು ಕರೆದರೆ, "ನಾನು ಬರಲ್ಲ, ಚೂಟಿಗೆ ಸ್ನಾನ ಮಾಡಿಸಬೇಕು" ಎಂದಿದ್ದಳು.

"ನಾನೂ ನೋಡಿಲ್ಲ" ಎಂದ ಪಂಡಿತ ಕಾರ್ಡು ಎತ್ತಿ ಹಿಡಿದು. "ಎಲ್ಲರ ಜೊತೆಗೇ ನೋಡಬೇಕು ಅಂತ ಇಟ್ಕೊಂಡಿದೀನಿ."

ಚಿತ್ರ ಬಂತು.

"ಅಬ್ಬಬ್ಬಾ!" ಪಂಡಿತ ಟಿವಿಗೆ ಮೂಗು ತಾಗಿಸಿದ. "ನೋಡಿ ಸಾರ್, ನೋಡಿ! ಗೂಡಿನ ತಂತಿ ಒಂದೊಂದೂ ಎಣಿಸಬಹುದು! ಈ ಪುಕ್ಕ ನೋಡಿ, ಪುಕ್ಕದ ಎಳೆ ಸಮೇತ! ಮೀಸೆ ನೋಡಿ, ಮೀಸೆ! ಒಂದೊಂದು ಕೂದಲು ಹೇಗೆ ನೆಟ್ಟಗೆ ನಿಂತಿದೆ! ಕಿವಿ ತುದೀಲಿ ಹರಿದಿರೋದು ಕೂಡ... ಎಡಗಿವಿ... ಅಕ್ಕ ಹೊಲಿಗೆ ಹಾಕಿಸಿದ್ದಳಲ್ಲ, ಅದೇ..."

ಚೂಟಿ ನಾನೂರ ಒಂದನ್ನು ಬಾಯಲ್ಲಿ ಹಿಡಿದು, ಹಿಂಗಾಲು ಎಳೆಯುತ್ತ, ನೇರವಾಗಿ ಕ್ಯಾಮೆರಾದ ಕಡೆಗೇ ನೋಡುತ್ತಿತ್ತು.

ಗೆದ್ದವರು ಜೈಲರ್ ಸಾಹೇಬರು. ಅವರು ಎದ್ದು ನಿಂತರು, ಮತ್ತೆ ಕೂತರು. "ಹಲ್ಲೇ ಇಲ್ವಲ್ರೀ ಅದಕ್ಕೆ" ಎಂದರು ಮೆಲ್ಲಗೆ. ಆಮೇಲೆ ದೊಡ್ಡ ಆಫೀಸರ ಕಡೆ ತಿರುಗಿ, "ನಾನು ದೂರು ವಾಪಸ್ ತಗೊಂಡ್ರೆ?"

"ಈಗ ಹೇಗ್ರೀ ಆಗುತ್ತೆ?" ಎಂದರು ದೊಡ್ಡ ಆಫೀಸರು. "ನಾನೇ ಕಣ್ಣಾರೆ ಕಂಡೆನಲ್ಲ. ಚಿತ್ರ ಬಹಳ ಸ್ಪಷ್ಟವಾಗಿದೆ. ಯಾರು ತೆಗೆದದ್ದು? ಶಹಬ್ಬಾಸ್."

ಇನ್ಸ್‌ಪೆಕ್ಟರು ಹೊರಗೆ ಬಂದು ಪಂಡಿತನ ಮುಂದೆ ನಿಂತರು. "ಎಷ್ಟು ಸಲ ಹೇಳಿದೆ ಸ್ವಾಮಿ ನಿಮಗೆ? ಎಷ್ಟು ಸಲ?" ಎಂದಷ್ಟೇ ಹೇಳಿ ಗಾಡಿಗೆ ಫೋನ್ ಮಾಡಲು ಹೋದರು.

ಗಾಡಿ ಬಂದಾಗ ಚೂಟಿ ಸೋಪಿನ ವಾಸನೆ ಬೀರುತ್ತ, ತಲೆ ಬಾಚಿಸಿಕೊಂಡು, ಬಾಗಿಲಲ್ಲಿ ಬಿಸಿಲು ಕಾಯಿಸುತ್ತಿತ್ತು. ಗಾಡಿಯವನು ಕುಣಿಕೆಯ ಕೋಲು ಹಿಡಿದು ಬಂದರೆ ಅಕ್ಕ ಅವನನ್ನು ಕೈಯಲ್ಲೇ ತಡೆದಳು. "ಅದೆಲ್ಲ ಬೇಡಪ್ಪ, ಕರೆದರೆ ಬರ್ತಾಳೆ." ಕರೆದಳು. ನಾಯಿ ಬಂತು. ಗಾಡಿಯ ಮೆಟ್ಟಿಲು ಎತ್ತರ. ಅಕ್ಕ ಮುಂಗಾಲು ಎತ್ತಿ ಇರಿಸಿ, ಹಿಂದೆ ಕಂಬದಂತೆ ನಿಂತಿದ್ದ ತಮ್ಮನಿಗೆ, "ಹಿಂಗಾಲು ನೀನು ಹಿಡ್ಕೋ" ಎಂದಳು. ಪಂಡಿತ ಹಿಡಿದು ಎತ್ತಿದ. ಅಷ್ಟು ಹಗುರ ಇದ್ದೀತು ಎಂದು ಅವನು ಅಂದುಕೊಂಡಿರಲಿಲ್ಲ.

ಮನೆಯೊಳಗೆ ಬಂದ ಮೇಲೆ ಹೆಂಡತಿ ಬಾಯಿ ಬಿಟ್ಟಳು. ಮುಲಾಮಿನ ವಿಷಯ, ಮುಂಜಾನೆಯ ಒರೆಸುವ ವಿಷಯ, ಎಲ್ಲ. ಇನ್ಸ್‌ಪೆಕ್ಟರಿಗೆ ಗೊತ್ತಿತ್ತು, ಟೈಲರನಿಗೆ ಗೊತ್ತಿತ್ತು, ಹಲ್ಲಿಗೂ ಗೊತ್ತಿತ್ತು.

"ನನಗೊಬ್ಬನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಓಡಿಹೋಗಿ ಪುರಸಭೆಗೆ ಹೇಳಿಬರ್ತಿದ್ರಿ. ನಿಮ್ಮ ಹೊಟ್ಟೇಲಿ ಯಾವ ಮಾತು ನಿಲ್ಲುತ್ತೆ? ಅತ್ತಿಗೆ ಕೊನೇಲಿ ಹೇಳೋಣ ಅಂತ ಏಣಿ ಹಿಡಿದು ನಿಂತ್ರು. ನೀವು ಕೇಳಿದ್ರಾ?"

ಪಂಡಿತ ಗೋಡೆಗೆ ಒರಗಿ ಕೂತು ಹೋ ಎಂದು ಅತ್ತ. ಅಕ್ಕ ಒಳಗಿನಿಂದ ನೀರು ತಂದು ಕೊಟ್ಟಳು. ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಿತವಾಗುತ್ತಿತ್ತು.

ಕೆಲವು ದಿನ ಬಿಟ್ಟು ಅವಳೇ ಕೇಳಿದಳು. "ಆ ಫೋಟೋ ಇದೆಯೇನೋ? ಅವಳದ್ದು ಒಂದೂ ಇಲ್ಲ ನನ್ನ ಹತ್ರ. ಯಾವತ್ತೂ ತೆಗೆಸಲೇ ಇಲ್ಲ."

"ಅಕ್ಕ, ಅದು ಬೇಡ. ಅದರಲ್ಲಿ..."

"ಗೊತ್ತು. ಇರ್ಲಿ. ಅದೇ ಕೊಡು."

ಪಂಡಿತ ಫೋಟೋ ಸ್ಟುಡಿಯೋಗೆ ಹೋದ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಚಿತ್ರ ತೆರೆದು ಕುರ್ಚಿ ಮುಂದೆಳೆದುಕೊಂಡ. ಕೋಳಿಯನ್ನು ಕತ್ತರಿಸಲು ಹೋದರೆ ಮೂತಿಯೂ ಹೋಗುತ್ತಿತ್ತು.

"ಮಬ್ಬು ಮಾಡಿ" ಎಂದ ಪಂಡಿತ. "ಬಾಯಿ ಹತ್ರ."

"ಇಷ್ಟು ಚೆನ್ನಾಗಿ ಬಂದಿರೋದನ್ನ ಹಾಳು ಮಾಡೋದಾ ಸಾರ್? ಎಷ್ಟು ಮಾಡಲಿ?"

"ಇನ್ನೂ. ಇನ್ನೂ ಸ್ವಲ್ಪ. ಏನೂ ಗೊತ್ತಾಗಬಾರದು."

ಅಕ್ಕ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕಿವಿಯ ಮೇಲೆ ಬೆರಳಾಡಿಸಿದಳು, ಹಣೆಯ ಮೇಲೆ ಆಡಿಸಿದಳು. ಬೆರಳು ಕೆಳಗೆ ಬಂದು ನಿಂತಿತು.

"ಇಲ್ಲಿ ಏನೋ ಮಬ್ಬಾಗಿದೆಯಲ್ಲೋ?"

ಪಂಡಿತ ಜೇಬಿನಿಂದ ಬಟ್ಟೆ ತೆಗೆದು ತನ್ನ ಕನ್ನಡಕ ಒರೆಸಿದ.

"ಕ್ಯಾಮೆರಾ ಸರಿಯಿಲ್ಲ ಅಕ್ಕ" ಎಂದ. "ಎಷ್ಟು ರಿಪೇರಿ ಮಾಡಿದ್ರೂ ಅದು ಸರಿಹೋಗಲೇ ಇಲ್ಲ."